ಬದಿಯಡ್ಕದ ಹೊಲಿಗೆಯಂಗಡಿಗೆ ಕೊಟ್ಟ ಹನ್ನೊಂದು ಹಳೆಯ ಬಟ್ಟೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಬಸ್ ನಿಲ್ದಾಣಕ್ಕೆ ಸಮೀಪದ ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಮೂವರು ಮಹಿಳೆಯರು ಸೇರಿ ನಡೆಸುವ ಸಣ್ಣ ಹೊಲಿಗೆಯಂಗಡಿ ಇದೆ. ಮೆಟ್ಟಿಲ ಬುಡದ ಹಲಗೆಯಲ್ಲಿ ಕನ್ನಡದಲ್ಲಿ ‘ಹೊಲಿಗೆ’ ಎಂದೂ ಮಲಯಾಳದಲ್ಲಿ ‘ತಯ್ಯಲ್’ ಎಂದೂ ಬರೆದಿರುವುದನ್ನು ಬಿಟ್ಟರೆ ಅದಕ್ಕೆ ಬೇರೆ ಹೆಸರಿಲ್ಲ. ರವಿಕೆ ಹೊಲಿಯುವುದು, ಸೀರೆಗೆ ಫಾಲ್ ಹಾಕುವುದು ಮುಂತಾದ ನಿತ್ಯದ ಕೆಲಸಗಳ ಜೊತೆಗೆ, ಹಳೆಯ ಬಟ್ಟೆಗಳನ್ನು ಬಿಚ್ಚಿ ಕತ್ತರಿಸಿ ಕೈಚೀಲ, ಹೊದಿಕೆ, ತಲೆದಿಂಬಿನ ಚೀಲಗಳನ್ನಾಗಿ ಹೊಲಿದುಕೊಡುವ ಕೆಲಸವನ್ನೂ ಇವರು ಮಾಡುತ್ತಾರೆ. ಕಳೆದ ಮೇ ತಿಂಗಳಲ್ಲಿ ಹನ್ನೊಂದು ವಸ್ತುಗಳ ಗಂಟನ್ನು ಹೊತ್ತುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ಅವರು ಹೊಲಿದುಕೊಟ್ಟದ್ದನ್ನು ಒಂದು ಮಳೆಗಾಲ ಪೂರ್ತಿ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಈ ಗಂಟು ಕಟ್ಟಬೇಕಾಗಿ ಬಂದ ಕಾರಣವನ್ನು ಮೊದಲು ಹೇಳಬೇಕು. ನಮ್ಮ ಪಂಚಾಯತಿನಲ್ಲಿ ಹರಿತ ಕರ್ಮ ಸೇನೆಯ ಮಹಿಳೆಯರು ತಿಂಗಳಿಗೆ 50 ರೂಪಾಯಿ ಪಡೆದು, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ಕನ್ನು ಮನೆಬಾಗಿಲಿನಿಂದಲೇ ಒಯ್ಯುತ್ತಾರೆ. ಹಾಲಿನ ತೊಟ್ಟೆ, ಬಿಸ್ಕತ್ತಿನ ಕಾಗದ, ಶ್ಯಾಂಪೂ ಬಾಟಲಿಗಳ ಚಿಂತೆ ಅಲ್ಲಿಗೆ ಕಳೆಯುತ್ತದೆ. ಅಡುಗೆಮನೆಯ ಹಸಿ ಕಸ ತೆಂಗಿನ ಬುಡಕ್ಕೆ ಹೋಗುತ್ತದೆ. ಬಟ್ಟೆಗೆ ಮಾತ್ರ ಇಷ್ಟು ಸುಲಭದ ದಾರಿಯಿಲ್ಲ. ಅದಕ್ಕೆಂದು ನಿಗದಿಯಾದ ತಿಂಗಳು ಬರುವವರೆಗೆ ಕಾಯಬೇಕು, ಅಷ್ಟರಲ್ಲಿ ಅಟ್ಟದ ಮೇಲಿನ ಗೋಣಿಚೀಲ ಎರಡಾಗಿರುತ್ತದೆ, ಮಳೆಗಾಲದ ಥಂಡಿಗೆ ಬೂಸಲು ಹಿಡಿದ ಬಟ್ಟೆಯನ್ನು ಕೊನೆಗೆ ಯಾರಿಗೂ ಕೊಡುವ ಹಾಗಿರುವುದಿಲ್ಲ. ಬಚ್ಚಲ ಒಲೆಗೆ ಹಾಕುವ ಹಳೆಯ ಪದ್ಧತಿ ಹತ್ತಿ ಬಟ್ಟೆಯಿದ್ದ ಕಾಲಕ್ಕೆ ನಡೆಯುತ್ತಿತ್ತು. ಈಗ ನಾವು ಉಡುವುದರಲ್ಲಿ ದೊಡ್ಡ ಪಾಲು ಪಾಲಿಯೆಸ್ಟರ್ ಆಗಿರುವುದರಿಂದ ಒಲೆಗೆ ಹಾಕಿದರೆ ಪ್ಲಾಸ್ಟಿಕ್ ಸುಟ್ಟಂತೆಯೇ ಆಗುತ್ತದೆ.

ಅಂಗಡಿಯ ಹಿರಿಯಾಕೆ, ನಾನು ‘ಅಕ್ಕ’ ಎಂದೇ ಕರೆಯುವವರು, ಗಂಟನ್ನು ಬಿಚ್ಚಿದ ಕೂಡಲೇ ಅಳತೆಯ ಟೇಪನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಟ್ಟೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು, ಮಡಿಕೆ ಬೀಳುವ ಜಾಗದಲ್ಲಿ ಎರಡೂ ಹೆಬ್ಬೆರಳಿನಿಂದ ಎಳೆದು, ಎಳೆಗಳು ಬಿಟ್ಟುಕೊಳ್ಳುತ್ತವೆಯೇ ಎಂದು ನೋಡಿದರು. ಅನುಮಾನ ಬಂದ ಬಟ್ಟೆಯ ಒಳಹೊಲಿಗೆಯಿಂದ ಒಂದೆರಡು ಎಳೆಗಳನ್ನು ಕಿತ್ತು, ಹಳೆಯ ತಗಡಿನ ಮುಚ್ಚಳದ ಮೇಲಿಟ್ಟು ಬೆಂಕಿಕಡ್ಡಿ ಗೀರಿದರು. ಹತ್ತಿಯ ಎಳೆ ಕಾಗದ ಸುಟ್ಟ ವಾಸನೆ ಬೀರುತ್ತಾ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿಯಾಯಿತು. ಮಗನ ಶಾಲೆಯ ಅಂಗಿಯ ಎಳೆ ಕಪ್ಪು ಹೊಗೆಯುಗುಳಿ, ಮುದುಡಿ, ಕೊನೆಗೆ ಸಾಸಿವೆಯಷ್ಟು ದೊಡ್ಡ ಗಟ್ಟಿ ಮಣಿಯಾಗಿ ಉಳಿಯಿತು. ಒಳಗಿನ ಚೀಟಿಯಲ್ಲಿ ‘ಹತ್ತಿ’ ಎಂದು ಅಚ್ಚಾಗಿದ್ದ ಟೀ-ಶರ್ಟೊಂದು ಈ ಪರೀಕ್ಷೆಯಲ್ಲಿ ಅರ್ಧ ಬೂದಿ, ಅರ್ಧ ಮಣಿಯಾಯಿತು. ಚೀಟಿ ನಂಬಿ ದುಡ್ಡು ಕೊಟ್ಟವಳು ನಾನೇ.

ಪರೀಕ್ಷೆ ಮುಗಿಯುವಾಗ ಹನ್ನೊಂದರಲ್ಲಿ ಐದನ್ನು ಅವರು ಹಿಂದಕ್ಕೆ ತಳ್ಳಿದ್ದರು. ಗಿರಾಕಿ ತಂದ ಕೆಲಸವನ್ನು ಅರ್ಧದಷ್ಟು ಬೇಡವೆನ್ನುವ ಹೊಲಿಗೆಯವರನ್ನು ನಾನು ಮೊದಲು ಕಂಡಿರಲಿಲ್ಲ. ಈ ಅಂಗಡಿಯ ಗುಣವನ್ನು ಅಳೆಯಬೇಕಾದದ್ದು ಅವರು ಹೊಲಿದುಕೊಡುವುದಕ್ಕಿಂತ ಹೆಚ್ಚಾಗಿ ಅವರು ಬೇಡವೆಂದದ್ದರಿಂದ ಎಂಬುದು ನನ್ನ ಅಭಿಪ್ರಾಯ. ಮೊದಲು ವಾಪಸಾದದ್ದು ಹೂವಿನ ಚಿತ್ತಾರದ ಒಂದು ಪಾಲಿಯೆಸ್ಟರ್ ಸೀರೆ. “ಟೀಚರೇ, ಇದಕ್ಕೆ ಕತ್ತರಿ ಹಾಕಬೇಡಿ. ಉಟ್ಟರೆ ಇನ್ನೂ ಹತ್ತು ವರ್ಷ ಬರುತ್ತದೆ, ಕತ್ತರಿಸಿದರೆ ಅಂಚಿನಿಂದ ಎಳೆ ಬಿಡುವುದು ನಿಲ್ಲುವುದಿಲ್ಲ” ಎಂದರು. ಪಾಲಿಯೆಸ್ಟರ್ ಬಟ್ಟೆ ಒಗೆದಷ್ಟು ಸಲವೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ. ಅದರಿಂದ ಕೈಒರೆಸುವ ಬಟ್ಟೆ ಮಾಡಿ ದಿನಾ ಒಗೆಯುವುದಕ್ಕಿಂತ ವರ್ಷಕ್ಕೆರಡು ಬಾರಿ ಉಡುವವರಿಗೆ ಕೊಡುವುದೇ ಸರಿ. ಶಾಲೆಯ ಅಂಗಿಗೂ ಅದೇ ನ್ಯಾಯ. ಗುಂಡಿಯೊಂದು ಹೋಗಿತ್ತು, ತಮ್ಮ ಡಬ್ಬಿಯಿಂದ ಹುಡುಕಿ ಹಾಕಿಕೊಟ್ಟು, ಕೆಳಗಿನ ತರಗತಿಯ ಮಗುವಿಗೆ ಕೊಡಲು ಹೇಳಿದರು. ಶಾಲೆಯಲ್ಲಿ ಕಲಿಸುವ ನನಗೆ ಅದು ಯಾರಿಗೆ ಹೊಂದೀತೆಂದು ಗೊತ್ತಿತ್ತು, ತೋಚಿರಲಿಲ್ಲ ಅಷ್ಟೆ.

ಉಳಿದ ಮೂರು ಟೀ-ಶರ್ಟುಗಳು. ಒಂದು ಹತ್ತಿಯ ಟೀ-ಶರ್ಟ್ ತಯಾರಾಗಲು, ಹತ್ತಿ ಬೆಳೆಯುವಲ್ಲಿಂದ ಲೆಕ್ಕ ಹಿಡಿದರೆ, ಸುಮಾರು 2,700 ಲೀಟರ್ ನೀರು ಬೇಕೆಂಬ ಅಂದಾಜನ್ನು ಓದಿದ್ದ ನನಗೆ ಅವುಗಳನ್ನು ಏನಾದರೂ ಮಾಡಲೇಬೇಕೆಂಬ ಹಟವಿತ್ತು. “ಇದು ಹೊಲಿಯುವ ಬಟ್ಟೆಯಲ್ಲ, ಕತ್ತರಿ ಇದ್ದರೆ ಮನೆಯಲ್ಲೇ ಆಗುತ್ತದೆ” ಎಂದು ಅಕ್ಕ ಒಂದನ್ನು ಮೇಜಿನ ಮೇಲೆ ಹಾಸಿ, ತೋಳಿನಿಂದ ಕೆಳಗಿನ ಭಾಗವನ್ನು ಬೆರಳಗಲಕ್ಕೆ ಸುತ್ತು ಸುತ್ತಾಗಿ ಎಲ್ಲಿಯೂ ತುಂಡಾಗದಂತೆ ಕತ್ತರಿಸಿ ತೋರಿಸಿದರು. ಆ ಪಟ್ಟಿಯನ್ನು ಎಳೆದರೆ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಗಟ್ಟಿ ಮೆತ್ತನೆಯ ಹಗ್ಗವಾಗುತ್ತದೆ. ಈ ಸಲ ಒಳ್ಳೆಮೆಣಸಿನ ಬಳ್ಳಿಗಳನ್ನು ಅಡಕೆ ಮರಕ್ಕೆ ಕಟ್ಟಿದ್ದು ಅದರಲ್ಲೇ. ಪ್ಲಾಸ್ಟಿಕ್ ಹಗ್ಗದಂತೆ ಅದು ಎಳೆಯ ಬಳ್ಳಿಯನ್ನು ಕೊಯ್ಯುವುದಿಲ್ಲ, ಬಳ್ಳಿ ದಪ್ಪವಾದಂತೆ ಹಿಗ್ಗಿಕೊಡುತ್ತದೆ, ಬೇರು ಮರವನ್ನು ಹಿಡಿದ ಮೇಲೆ ತಾನಾಗಿ ಕೊಳೆತು ಬೀಳುತ್ತದೆ. ಹೀಗೆ ಬಳಸಲು ಬಂದದ್ದು ಶುದ್ಧ ಹತ್ತಿಯ ಎರಡು ಮಾತ್ರ. ಅರ್ಧ ಮಣಿಯಾದದ್ದು ಕೊಳೆಯುವ ಜಾತಿಯಲ್ಲವಾದ್ದರಿಂದ ಹರಿತ ಕರ್ಮ ಸೇನೆಯ ಚೀಲಕ್ಕೆ ಹೋಯಿತು.

ಅಂಗಡಿಯವರು ಒಪ್ಪಿದ ಆರು ವಸ್ತುಗಳೆಂದರೆ ಅಮ್ಮನ ಎರಡು ಕಾಸರಗೋಡು ಸೀರೆಗಳು, ಮನೆಯವರ ಎರಡು ಜೀನ್ಸ್ ಪ್ಯಾಂಟುಗಳು, ಒಂದು ದೊಡ್ಡ ಹತ್ತಿಯ ಹಾಸು, ಮತ್ತು ಕಡ್ಡಿ ಮುರಿದ ಒಂದು ಕೊಡೆ. ಕಾಸರಗೋಡು ಸೀರೆಯ ಬಗ್ಗೆ ಹೊರಗಿನವರಿಗಾಗಿ ಎರಡು ಮಾತು ಹೇಳುವುದು ಒಳ್ಳೆಯದು. 1938ರಲ್ಲಿ ಆರಂಭವಾದ ನೇಕಾರರ ಸಹಕಾರಿ ಸಂಘ ಇವತ್ತಿಗೂ ಕೈಮಗ್ಗದಲ್ಲಿ ನೇಯಿಸುತ್ತಿರುವ ಈ ಹತ್ತಿ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಒಗೆದಷ್ಟೂ ಮೆತ್ತಗಾಗುವುದು, ಬಣ್ಣ ಬಿಡದಿರುವುದು ಅದರ ಎರಡು ಗುಣಗಳು. ಅಮ್ಮನ ಸೀರೆಗಳಲ್ಲಿ ಒಂದು ಸೆರಗಿನ ಕಡೆ ಹರಿದಿತ್ತು, ಇನ್ನೊಂದು ನೆರಿಗೆಯ ಜಾಗದಲ್ಲಿ ಬೆಳಕು ಕಾಣುವಷ್ಟು ತೆಳುವಾಗಿತ್ತು. ನೂಲೆಲ್ಲವೂ ಒಂದೇ ಸಮನಾಗಿ ಸವೆಯುವುದಿಲ್ಲ ಎಂಬುದನ್ನು ಅಕ್ಕ ಅಲ್ಲಿಯೇ ಸುಣ್ಣದಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಭಾಗ ಹಾಗೂ ಕೆಳಗಿನ ಅಂಚು ಎಸೆಯಲಿಕ್ಕೆ, ನಡುವಿನ ಭಾಗ ಚೀಲಕ್ಕೆ, ತೆಳುವಾದದ್ದು ಹೊದಿಕೆಯ ಒಳಪದರಕ್ಕೆ. ಎಸೆಯಲಿಕ್ಕೆಂದು ಗುರುತಿಸಿದ್ದನ್ನೂ ಅವರು ಎಸೆಯಲಿಲ್ಲ. ಅಂಗೈಯಗಲದ ತುಂಡುಗಳನ್ನಾಗಿ ಮಾಡಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ ಮೇಲೆ ಒರೆಸಲು ಒಂದು ಡಬ್ಬಿಗೆ ಹಾಕಿಕೊಂಡರು.

ಸೀರೆಯಿಂದ ಬಂದ ನಾಲ್ಕು ಕೈಚೀಲಗಳು ಇಡೀ ಗಂಟಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದವು. ಎರಡು ಪದರದ ಬಟ್ಟೆ, ಒಳಗೆ ಎಳೆ ಕಾಣದಂತೆ ಅಂಚನ್ನು ಎರಡು ಬಾರಿ ಮಡಿಚಿದ ಹೊಲಿಗೆ, ಮಡಿಚಿದರೆ ಜೇಬಿನೊಳಗೆ ಹೋಗುವಷ್ಟು ತೆಳು. ಐದು ಕಿಲೋ ಅಕ್ಕಿಯ ಜೊತೆಗೆ ಎರಡು ತೆಂಗಿನಕಾಯಿ ಹಾಕಿ ಪೇಟೆಯಿಂದ ಮನೆಗೆ ನಡೆದು ಬಂದಿದ್ದೇನೆ. ಮೂರನೆಯ ವಾರದಲ್ಲಿ ಒಂದರ ಹಿಡಿಕೆ ಕಿತ್ತು ಬಂದು ಈರುಳ್ಳಿ ರಸ್ತೆಯ ಪಾಲಾಯಿತು. ಭಾರವೆಲ್ಲ ಬೀಳುವ ಜಾಗದಲ್ಲಿ ಒಂದೇ ಸಾಲು ಹೊಲಿಗೆ ಹಾಕಿದ್ದು ಅವರ ಅಲಕ್ಷ್ಯವೇ ಸರಿ. ತೋರಿಸಿದ ಕೂಡಲೇ ವಾದ ಮಾಡದೆ ನಾಲ್ಕೂ ಚೀಲಗಳ ಹಿಡಿಕೆಗಳನ್ನು ಬಿಚ್ಚಿ, ಚೌಕ ಹೊಲಿದು ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಿ, ದುಡ್ಡು ತೆಗೆದುಕೊಳ್ಳದೆ ಹಿಂದಿರುಗಿಸಿದರು. ಆಮೇಲೆ ತೊಂದರೆಯಾಗಿಲ್ಲ.

ಚೀಲವೊಂದಕ್ಕೆ ಹೊಲಿಗೆಯ ಕೂಲಿ 40 ರೂಪಾಯಿ. ದಿನಸಿ ಅಂಗಡಿಯಲ್ಲಿ ಬಟ್ಟೆಯಂತೆಯೇ ಕಾಣುವ ಬಣ್ಣದ ಚೀಲಗಳು ಹತ್ತಿಪ್ಪತ್ತು ರೂಪಾಯಿಗೆ ಸಿಗುವಾಗ ಇದು ದುಬಾರಿಯಲ್ಲವೇ ಎಂದು ಮನೆಯಲ್ಲಿ ಕೇಳಿದರು. ಆ ಚೀಲಗಳು ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಎಳೆಗಳನ್ನು ನೇಯದೆ ಬಿಸಿಯಿಂದ ಅಂಟಿಸಿ ಮಾಡಿರುವ ಅವು ಬಿಸಿಲಿಗೆ ಬಿದ್ದರೆ ಬೇಗನೆ ಮಡಿಕೆಗಳಲ್ಲಿ ಪುಡಿಪುಡಿಯಾಗುತ್ತವೆ. ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರವಾದ ಇಂಥ ಚೀಲಗಳನ್ನು ಕೇಂದ್ರದ ನಿಯಮ 2021ರಿಂದಲೇ ನಿಷೇಧಿಸಿದೆ, ತೂಗಿ ನೋಡುವವರು ಯಾರೆಂಬುದು ಬೇರೆ ಮಾತು. ಹಾಗೆಂದು ಹೊಸ ಹತ್ತಿಯ ಚೀಲಗಳನ್ನು ಕಂಡಕಂಡಲ್ಲಿ ಕೊಳ್ಳುವುದೂ ಸರಿಯಲ್ಲ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಂದೇ ಸಲ ಬಳಸಿ ಎಸೆದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ವಾತಾವರಣಕ್ಕೆ ಕಡಿಮೆ ಹಾನಿ ಮಾಡಿದಂತಾಗಬೇಕಾದರೆ ಹೊಸ ಹತ್ತಿಯ ಚೀಲವನ್ನು 131 ಬಾರಿಯಾದರೂ ಬಳಸಬೇಕು. ಮದುವೆ ಮನೆಗಳಲ್ಲಿ ಈಗ ತಾಂಬೂಲದ ಜೊತೆ ಹಂಚುವ ಹೊಸ ಹತ್ತಿ ಚೀಲಗಳು ನಮ್ಮ ಬಾಗಿಲ ಹಿಂದಿನ ಮೊಳೆಯಲ್ಲಿಯೇ ಒಂಬತ್ತು ತೂಗುತ್ತಿವೆ. ಅವೆಲ್ಲವೂ 131ನ್ನು ಮುಟ್ಟುವುದಕ್ಕೆ ನನ್ನ ಆಯುಷ್ಯ ಸಾಲದು. ಹರಿದ ಸೀರೆಯ ಚೀಲಕ್ಕೆ ಹೊಸ ಹತ್ತಿಯೂ ಬೇಡ, ಹೊಸ ಬಣ್ಣವೂ ಬೇಡ. ಖರ್ಚಾದದ್ದು ನೂಲು ಮತ್ತು ಕೂಲಿ. ಕೂಲಿ ಪೇಟೆಯ ಮೂವರಿಗೇ ಹೋಗುತ್ತದೆ.

ಹತ್ತಿಯ ವಿಷಯದಲ್ಲಿ ನಮ್ಮ ಊರವರು ಇನ್ನೊಂದು ಕಾರಣಕ್ಕೂ ಜಿಪುಣರಾಗಬೇಕು. ಎಣ್ಮಕಜೆಯಂಥ ಪಂಚಾಯತುಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತೆಂಬುದನ್ನು ನಾವು ಮನೆಮನೆಯಲ್ಲಿ ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವವರೆಗೂ ಅದೇ ವಿಷ ದೇಶದ ಹತ್ತಿಯ ಹೊಲಗಳಲ್ಲಿ ಬಳಕೆಯಲ್ಲಿತ್ತು.

ಜೀನ್ಸಿನ ಕೆಲಸವನ್ನು ಕುಳಿತು ನೋಡುವ ಅವಕಾಶ ಒಂದು ದಿನ ಸಿಕ್ಕಿತು. ತೊಡೆಯ ಒಳಭಾಗ ಸವೆದಿದ್ದರೂ ಮೊಣಕಾಲಿನಿಂದ ಕೆಳಗಿನ ಬಟ್ಟೆ ಹೊಸದರಂತೆಯೇ ಇತ್ತು. ಜೇಬುಗಳನ್ನು ಹಾಗೆಯೇ ಉಳಿಸಿಕೊಂಡು ಸೊಂಟದ ಭಾಗವನ್ನು ಹೆಗಲಚೀಲ ಮಾಡಿದರು, ಹಳೆಯ ಜಿಪ್ಪನ್ನೇ ಬಿಚ್ಚಿ ಒಳಜೇಬಿಗೆ ಹಾಕಿದರು. ನಾಲ್ಕೈದು ಪದರ ಒಂದಾಗುವ ಮೂಲೆಗೆ ಬಂದಾಗ 16ನೆಯ ನಂಬರಿನ ದಪ್ಪ ಸೂಜಿಯೂ ಕಟಕ್ಕೆಂದು ಮುರಿಯಿತು. ಆಗ ಅಕ್ಕ ಮೇಜಿನ ಖಾನೆಯಿಂದ ಸಣ್ಣ ಸುತ್ತಿಗೆಯೊಂದನ್ನು ತೆಗೆದು, ಬಟ್ಟೆಯನ್ನು ಹೊಸ್ತಿಲ ಕಲ್ಲಿನ ಮೇಲಿಟ್ಟು, ಮೂಲೆಯನ್ನು ಚಪ್ಪಟೆಯಾಗುವವರೆಗೆ ಬಡಿದು, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಒಂದೊಂದು ಹೊಲಿಗೆಯನ್ನೂ ದಾಟಿಸಿದರು. ಈ ಚೀಲಕ್ಕೆ 180 ರೂಪಾಯಿ ಕೊಡುವಾಗ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ. ಕಾಲಿನ ಭಾಗದಿಂದ ಬಂದ ಎರಡು ಉದ್ದನೆಯ ಚೀಲಗಳಲ್ಲಿ, ತಲಾ 30 ರೂಪಾಯಿ, ಒಂದು ಕತ್ತಿ-ಕುಡುಗೋಲಿನ ಮನೆಯಾಗಿದೆ. ಮತ್ತೊಂದಕ್ಕೆ ಇನ್ನೂ ಕೆಲಸ ಸಿಕ್ಕಿಲ್ಲ. ಅದನ್ನು ಮಾಡಿಸಬಾರದಿತ್ತು.

ಕೊಡೆಯದ್ದು ಬೇರೆಯೇ ಸೊಗಸು. ಎಂಟು ಎಸಳುಗಳನ್ನು ಕಡ್ಡಿಯಿಂದ ಬಿಡಿಸಿ, ಎದುರುಬದುರಾಗಿ ಜೋಡಿಸಿ, ಕೊಡೆ ಕಟ್ಟುವ ಪಟ್ಟಿಯನ್ನೇ ಬಾಯಿ ಬಿಗಿಯುವ ದಾರವಾಗಿ ಬಳಸಿದ ಚೀಲ, 50 ರೂಪಾಯಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ, ನಡು ಜುಲೈಯಲ್ಲಿ ಪುಸ್ತಕಗಳನ್ನು ಒದ್ದೆಯಾಗದೆ ಶಾಲೆಗೆ ಒಯ್ದದ್ದು ಇದರಲ್ಲಿ. ನೆರೆಮನೆಯವರು ಇದನ್ನು ನೋಡಿ ಮೀನು ತರಲು ತಮಗೂ ಒಂದು ಮಾಡಿಸಿಕೊಂಡರು. ನೀರು ಹೊಯ್ದು ಕೊಡವಿದರೆ ವಾಸನೆ ಉಳಿಯುವುದಿಲ್ಲವಂತೆ. ಕಡ್ಡಿಗಳು ಗುಜರಿಗೆ ಹೋದವು.

ಹೊದಿಕೆಯ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಘಟ್ಟದ ಮೇಲಿನ ಕೌದಿಯನ್ನು ನೋಡಿ ಆಸೆಪಟ್ಟು, ತೆಳುವಾದ ಸೀರೆಯನ್ನು ಒಳಪದರವಾಗಿಸಿ, ಹಾಸನ್ನು ಹೊರಪದರವಾಗಿಸಿ, ಮೇಲಿನಿಂದ ಕೈಹೊಲಿಗೆ ಹಾಕಿಸಿದೆ, 650 ರೂಪಾಯಿ. ಕೈಕೆಲಸ ಚೆನ್ನಾಗಿಯೇ ಇದೆ, ಸಾಲುಗಳು ನೇರವಾಗಿವೆ, ಅಮ್ಮ ತನ್ನ ಸೀರೆಯನ್ನು ಗುರುತಿಸಿ ಸಂತೋಷಪಟ್ಟರು. ಆದರೆ ಜೂನಿನಲ್ಲಿ ಒಮ್ಮೆ ಒಗೆದದ್ದು ನಾಲ್ಕು ದಿನವಾದರೂ ಒಣಗಲಿಲ್ಲ. ಕೊನೆಗೆ ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಹೊಗೆಯ ವಾಸನೆ ಹತ್ತಿಸಿಕೊಳ್ಳಬೇಕಾಯಿತು. ಒಣಹವೆಯ ಬಯಲುಸೀಮೆಗೆ ಹುಟ್ಟಿದ ವಸ್ತುವನ್ನು ಕರಾವಳಿಯ ಮಳೆಗೆ ತಂದ ತಪ್ಪು ನನ್ನದು. ಆದರೂ ಇಲ್ಲಿಯ ಹವೆ ಬಲ್ಲ ಅಂಗಡಿಯವರು ಒಂದು ಎಚ್ಚರಿಕೆಯ ಮಾತು ಹೇಳಬಹುದಿತ್ತು. ಹಾಸಿನ ಉಳಿದ ತುಂಡಿನಿಂದ, ತಲಾ 35 ರೂಪಾಯಿಗೆ, ಮಾಡಿಸಿದ ಎರಡು ತಲೆದಿಂಬಿನ ಚೀಲಗಳಿಗೆ ಅವರೇ ಹಚ್ಚಿದ ಕೆಂಪು ಅಂಚು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಬಿಳಿಯ ಬಟ್ಟೆ ಕುಂಕುಮ ಚೆಲ್ಲಿದಂತಾಯಿತು. ಹೊಸ ಬಣ್ಣದ ಬಟ್ಟೆಯನ್ನು ಒಗೆಯದೆ ಹಳೆಯದಕ್ಕೆ ಜೋಡಿಸಬಾರದೆಂಬುದು ಹೊಲಿಗೆಯವರಿಗೆ ತಿಳಿಯದ ಸಂಗತಿಯಲ್ಲ.

ಒಟ್ಟು ಖರ್ಚು 1,170 ರೂಪಾಯಿ. ಹತ್ತು ದಿನವೆಂದದ್ದು ಇಪ್ಪತ್ತನಾಲ್ಕು ದಿನವಾಯಿತು. ಶಾಲೆ ಆರಂಭವಾಗುವ ಹೊತ್ತಿನಲ್ಲಿ ಸಮವಸ್ತ್ರದ ರಾಶಿಯೇ ಬಿದ್ದಿರುವುದನ್ನು ನಾನು ಕಣ್ಣಾರೆ ಕಂಡದ್ದರಿಂದ ಈ ದೂರನ್ನು ದೊಡ್ಡದು ಮಾಡುವುದಿಲ್ಲ.

ಅಂಗಡಿಯ ಮುಂಭಾಗದ ಕಪಾಟಿನಲ್ಲಿ ಪರಿಸರಸ್ನೇಹಿ ವಸ್ತುಗಳೆಂಬ ಹೆಸರಿನಲ್ಲಿ ಕೆಲವನ್ನು ಮಾರಾಟಕ್ಕಿಟ್ಟಿದ್ದಾರೆ. ತೆಂಗಿನ ನಾರಿನ ಪಾತ್ರೆ ಉಜ್ಜುಗ ಚೆನ್ನಾಗಿದೆ, ಮೂರು ತಿಂಗಳು ಬಂತು. ತೊಳೆದು ಬಳಸುವ ಬಟ್ಟೆಯ ಪ್ಯಾಡುಗಳು ಅವರದೇ ಹೊಲಿಗೆಯವು, ನನ್ನ ತಂಗಿಗೆ ಮೆಚ್ಚಿಗೆಯಾಗಿವೆ, ಬಿಸಿಲಿನಲ್ಲಿಯೇ ಒಣಗಿಸಬೇಕೆಂಬ ನಿಯಮ ಪಾಲಿಸಿದರೆ. ಮೈ ಉಜ್ಜುವ ಹೀರೆಕಾಯಿಯ ನಾರನ್ನು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ಮಾರುವುದೇಕೆಂದು ಕೇಳಿದ್ದಕ್ಕೆ ನಕ್ಕರು, ಉತ್ತರ ಬರಲಿಲ್ಲ. ಅಡಕೆ ಹಾಳೆಯ ತಟ್ಟೆಗಳನ್ನೂ ಇಟ್ಟಿದ್ದಾರೆ. ಪೇಟೆಯ ಬಾಡಿಗೆ ಮನೆಯವರಿಗೆ ಅದು ಸರಿ. ತಲೆಗೆ ಹಾಕುವ ಮುಟ್ಟಾಳೆಯಿಂದ ಹಿಡಿದು ಬೀಸಣಿಗೆಯವರೆಗೆ ಎಲ್ಲವನ್ನೂ ಹಾಳೆಯಲ್ಲಿಯೇ ಮಾಡಿಕೊಳ್ಳುತ್ತಿದ್ದ ಅಡಕೆ ತೋಟದವರು, ಹಾಳೆಗಳು ಬುಡದಲ್ಲಿ ಕೊಳೆಯುತ್ತಿರುವಾಗ ದುಡ್ಡು ಕೊಟ್ಟು ತಟ್ಟೆ ಕೊಳ್ಳುವುದನ್ನು ನೋಡಿದಾಗ ನನಗೆ ಸ್ವಲ್ಪ ನಾಚಿಕೆಯಾಗುತ್ತದೆ. ನಾನೂ ಹತ್ತು ಕೊಂಡಿದ್ದೆ.

ಈ ಅಂಗಡಿಗೆ ಹೋಗಿ ಬಂದ ಮೇಲೆ ನಾನು ಜವುಳಿ ಅಂಗಡಿಯಲ್ಲಿ ಬಟ್ಟೆ ನೋಡುವ ಬಗೆ ಬದಲಾಗಿದೆ. ಮೊದಲು ಒಳಭಾಗವನ್ನು ತಿರುಗಿಸಿ, ಬದಿಯ ಹೊಲಿಗೆಯಾಚೆ ಬೆರಳಗಲವಾದರೂ ಬಟ್ಟೆ ಬಿಟ್ಟಿದ್ದಾರೆಯೇ ಎಂದು ನೋಡುತ್ತೇನೆ. ಮಕ್ಕಳ ಬಟ್ಟೆಯನ್ನು ಮುಂದಿನ ವರ್ಷ ಬಿಚ್ಚಿ ಅಗಲ ಮಾಡಲು ಅದಿಲ್ಲದೆ ಆಗದು. ಹಿಂದೆ ನಮ್ಮ ಮನೆಯಲ್ಲಿ ಹಳೆಯ ಪಂಚೆಯ ಮೇಲೆ ಸಂಡಿಗೆ ಹಾಕಿ, ಒಣಗಿದ ಮೇಲೆ ಬಟ್ಟೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಿ ಬಿಡಿಸುತ್ತಿದ್ದರು. ನೀರು ಹೀರುವ ಹತ್ತಿಯಾದರೆ ಮಾತ್ರ ಸಂಡಿಗೆ ಮುರಿಯದೆ ಕೈಗೆ ಬರುತ್ತದೆ. ಈಗ ಹೊಸ ಪಂಚೆ ಕೊಳ್ಳುವಾಗ ಅಮ್ಮ ಕೇಳುವುದೇ, ಇದು ಮುಂದೆ ಸಂಡಿಗೆಗೆ ಆದೀತೇ ಎಂದು. ಪಾಲಿಯೆಸ್ಟರ್ ಬೆರೆತ ಮಡಿಕೆ ಬೀಳದ ಪಂಚೆಗಳನ್ನು ಆ ಒಂದು ಪ್ರಶ್ನೆಯಿಂದಲೇ ಅಂಗಡಿಯವನಿಗೆ ಹಿಂದಿರುಗಿಸಿದ್ದಾರೆ.

ಹೋಗುವವರಿಗೆ ಕೆಲವು ಮಾತುಗಳು. ಮೇ-ಜೂನ್ ತಿಂಗಳನ್ನೂ ಓಣಂ ಹತ್ತಿರದ ವಾರಗಳನ್ನೂ ತಪ್ಪಿಸಿ. ಭಾನುವಾರ ಬಾಗಿಲು ಹಾಕಿರುತ್ತದೆ, ಉಳಿದ ದಿನ ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಊಟದ ವಿರಾಮ. ಬಟ್ಟೆಯನ್ನು ಒಗೆದು ಚೆನ್ನಾಗಿ ಒಣಗಿಸಿ ಒಯ್ಯಿರಿ, ಚಂಡಿ ಬಟ್ಟೆಯನ್ನು ಅವರು ಮುಟ್ಟುವುದಿಲ್ಲ. ಗುಂಡಿ, ಜಿಪ್, ಹುಕ್ಕುಗಳನ್ನು ಕಿತ್ತುಕೊಳ್ಳಬೇಡಿ, ಅಕ್ಕನ ಡಬ್ಬಿಗೆ ಅವು ಬೇಕು. ಚೀಲ ಹೊಲಿಸುವುದಾದರೆ ಹಿಡಿಕೆಗೆ ಚೌಕದ ಹೊಲಿಗೆ ಹಾಕಲು ಮೊದಲೇ ಹೇಳಿ. ಕೆಂಪು ಅಂಚು ಬೇಡವೆನ್ನಿ.